ತಲೆಲೆಕ್ಕ ಮತ್ತು ದಾರಿ: ಕೊತ್ತಗೆರೆ ಸೀಮೆಯ ಒಂದು ಕಥೆ

ನಮ್ಮ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆ. ಇತಿಹಾಸ ಎಂದರೆ ರಾಜರು, ಕೋಟೆ, ಶಾಸನ ಎಂದುಕೊಳ್ಳುವುದು ರೂಢಿ. ಅದನ್ನು ಬರೆಯಬಲ್ಲ ವಿದ್ವಾಂಸರು ಬೇರೆ ಇದ್ದಾರೆ. ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ನನಗೆ ಚೆನ್ನಾಗಿ ಗೊತ್ತಿರುವ ಕೆಲಸ ಎರಡೇ. ಒಂದು, 1981ರಿಂದ 2011ರವರೆಗೆ ನಾಲ್ಕು ಜನಗಣತಿಯಲ್ಲಿ ಮನೆಮನೆ ಬಾಗಿಲು ತಟ್ಟಿ ತಲೆ ಎಣಿಸಿದ್ದು. ಇನ್ನೊಂದು, 38 ವರ್ಷ ಬಸ್ಸಿಗೆ ಕಾದು ನಿಂತದ್ದು. ಹಾಗೆಂದು ಹೇಳಿದ್ದಕ್ಕೆ ಸಮಿತಿಯ ಹುಡುಗರು, "ಅದನ್ನೇ ಬರ್ಕೊಡಿ ಮೇಷ್ಟ್ರೇ, ಅದೂ ಇತಿಹಾಸಾನೇ" ಅಂದರು. ಆಮೇಲೆ ಯೋಚಿಸಿ ನೋಡಿದರೆ ಅವರ ಮಾತು ನಿಜ ಅನ್ನಿಸಿತು. ಒಂದು ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂಬುದಕ್ಕೂ, ಆ ಊರಿಗೆ ಎಂಥ ದಾರಿ ಇದೆ, ಯಾವ ಹೊತ್ತಿಗೆ ಗಾಡಿ ಬರುತ್ತದೆ ಎಂಬುದಕ್ಕೂ ಇರುವ ನಂಟು ನಾವು ತಿಳಿದಿರುವುದಕ್ಕಿಂತ ಗಟ್ಟಿಯಾದದ್ದು.

ಸರ್ಕಾರ ಪ್ರತಿ ಗಣತಿಯ ನಂತರ ಜಿಲ್ಲಾ ಜನಗಣತಿ ಕೈಪಿಡಿ ಎಂಬ ದಪ್ಪ ಪುಸ್ತಕ ಹೊರತರುತ್ತದೆ. ಅದರಲ್ಲಿ ನಮ್ಮಂಥ ಪ್ರತಿ ಹಳ್ಳಿಗೂ ಸಿಗುವುದು ಒಂದೊಂದು ಸಾಲು. ಮನೆ ಎಷ್ಟು, ಗಂಡಸು ಎಷ್ಟು, ಹೆಂಗಸು ಎಷ್ಟು, ಆರು ವರ್ಷದೊಳಗಿನ ಮಕ್ಕಳು ಎಷ್ಟು, ಓದು ಬಲ್ಲವರು ಎಷ್ಟು, ಅಷ್ಟೇ. ಇನ್ನೊಂದು ಪುಟದಲ್ಲಿ ಸೌಕರ್ಯಗಳ ಪಟ್ಟಿ ಇರುತ್ತದೆ: ಬಸ್ಸು ಇದೆಯೇ, ಡಾಂಬರು ರಸ್ತೆ ಇದೆಯೇ, ರೈಲ್ವೆ ಸ್ಟೇಷನ್ ಇದೆಯೇ. ಇಲ್ಲದಿದ್ದರೆ ಎಷ್ಟು ದೂರದಲ್ಲಿ ಸಿಗುತ್ತದೆ ಎಂದು 2011ರ ಪುಸ್ತಕದಲ್ಲಿ ಒಂದು ಅಕ್ಷರದಲ್ಲಿ ಗುರುತು ಹಾಕಿದ್ದಾರೆ. ಎ ಎಂದರೆ 5 ಕಿಲೋಮೀಟರಿನ ಒಳಗೆ, ಬಿ ಎಂದರೆ 5ರಿಂದ 10, ಸಿ ಎಂದರೆ 10ಕ್ಕಿಂತ ಆಚೆ. ಬೆನ್ನ ಮೇಲೆ ಬಸುರಿ ಹೆಂಗಸನ್ನು ಹೊತ್ತು ಹಳ್ಳ ದಾಟಿಸಿದ ದೂರವೂ ಅಲ್ಲಿ ಒಂದು ಅಕ್ಷರ. ತಪ್ಪು ಅಂತ ಹೇಳುತ್ತಿಲ್ಲ, ಪುಸ್ತಕದಲ್ಲಿ ಅಷ್ಟೇ ಜಾಗ. ಆ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಬೇಕು ಎಂಬುದಷ್ಟೇ ನನ್ನ ಮಾತು.

ನಮ್ಮ ಊರಿನ ಹೆಸರಿನಲ್ಲೇ ಕೆರೆ ಇದೆ. 'ಗೆರೆ' ಎಂದು ಮುಗಿಯುವ ಊರುಗಳೆಲ್ಲ ಕೆರೆಯ ಊರುಗಳೇ. ವ್ಯಾಕರಣದ ಪಾಠದಲ್ಲಿ ಆದೇಶ ಸಂಧಿಗೆ ಮಕ್ಕಳಿಗೆ ನಾನು ನಮ್ಮೂರನ್ನೇ ಉದಾಹರಣೆ ಕೊಡುತ್ತಿದ್ದೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಹಿಂದೆ ಜನ ನೆಲೆ ನಿಂತದ್ದು ದಾರಿ ನೋಡಿಕೊಂಡಲ್ಲ, ನೀರು ನೋಡಿಕೊಂಡು. ಕೆರೆಯ ಅಚ್ಚುಕಟ್ಟು ಎಷ್ಟು ಜನಕ್ಕೆ ಅನ್ನ ಕೊಡುತ್ತದೋ ಅಷ್ಟು ಜನ ಒಂದು ಊರು. ಮಿಕ್ಕವರು ಸ್ವಲ್ಪ ದೂರದಲ್ಲಿ ಇನ್ನೊಂದು ಕಟ್ಟೆ ಕಟ್ಟಿಕೊಂಡು ಪಾಳ್ಯ ಮಾಡಿಕೊಳ್ಳುತ್ತಿದ್ದರು. ಕುಣಿಗಲ್ ತಾಲ್ಲೂಕಿನ ಆರು ಹೋಬಳಿಗಳಲ್ಲಿ, ಅಂದರೆ ಕಸಬಾ, ಹುಲಿಯೂರುದುರ್ಗ, ಹುತ್ರಿದುರ್ಗ, ಯಡಿಯೂರು, ಅಮೃತೂರು ಮತ್ತು ನಮ್ಮ ಕೊತ್ತಗೆರೆ, ಎಲ್ಲಿ ಹೋದರೂ ಹೀಗೆ ಚೆಲ್ಲಿದಂತಿರುವ ಸಣ್ಣ ಸಣ್ಣ ಊರುಗಳು ಕಾಣುತ್ತವೆ. ಸಾಗಾಟಕ್ಕೆ ಹೇರೆತ್ತು, ಆಮೇಲೆ ಗಾಡಿ. ಅಡಿಕೆಗೆ ಹೆಸರಾದ ಗುಬ್ಬಿ ಪೇಟೆಗೆ ಸುತ್ತಲ ಸೀಮೆಯಿಂದ ಹೀಗೇ ಸರಕು ಹೋಗುತ್ತಿತ್ತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ತಾಲ್ಲೂಕು ನಮ್ಮದು, ಆದರೆ ನಮ್ಮ ರೈತ ಕುದುರೆ ಹತ್ತಿದ್ದನ್ನು ನಾನಂತೂ ಕಾಣೆ!

ತಲೆಲೆಕ್ಕಕ್ಕೆ ಹಿರಿಯರು ಖಾನೆಷುಮಾರಿ ಎನ್ನುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಇಂದಿನ ರೀತಿಯ ಮೊದಲ ಎಣಿಕೆ ಆದದ್ದು 1871ರಲ್ಲಿ. ಆಗ ಇಡೀ ಸಂಸ್ಥಾನದ ಜನ 50,55,412. ಮುಂದಿನ ಎಣಿಕೆ 1881ರ ಫೆಬ್ರವರಿ 17ರ ರಾತ್ರಿ. ಆಗಿನ ಲೆಕ್ಕ 41,86,188. ಹತ್ತು ವರ್ಷದಲ್ಲಿ ಜನ ಹೆಚ್ಚುವುದು ಲೋಕರೂಢಿ. ಇಲ್ಲಿ 8,69,224 ಜನ ಕಡಿಮೆ. ನೂರಕ್ಕೆ ಹದಿನೇಳು ಜನ ಇಲ್ಲ. ನಡುವೆ ಬಂದದ್ದು ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗಿನದು. ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ ಮಾತುಗಳನ್ನು ಹೇಳುತ್ತಿದ್ದಳು: ಜನ ಕತ್ತಾಳೆ ಗೆಡ್ಡೆ ಬೇಯಿಸಿಕೊಂಡು ತಿಂದದ್ದು, ಊರು ಬಿಟ್ಟು ಹೊರಟವರು ದಾರಿಯಲ್ಲೇ ಮಲಗಿಬಿಟ್ಟದ್ದು. ಅನ್ನ ಬಿಟ್ಟು ಎದ್ದರೆ "ಧಾತು ಬರ ಕಂಡಿದ್ರೆ ಗೊತ್ತಾಗ್ತಿತ್ತು ನಿಂಗೆ" ಎಂದು ಬೈಯುತ್ತಿದ್ದಳು.

ಈ ಬರದಲ್ಲಿ ಮಳೆಯಷ್ಟೇ ಕೈಕೊಟ್ಟದ್ದಲ್ಲ, ದಾರಿಯೂ ಕೈಕೊಟ್ಟಿತು. ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ 1864ರಲ್ಲೇ ರೈಲು ಬಂದಿತ್ತು. ಹೊರಗಿನಿಂದ ತರಿಸಿದ ಧಾನ್ಯ ರೈಲಿನಲ್ಲಿ ಬೆಂಗಳೂರು ತನಕ ಬರುತ್ತಿತ್ತು. ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. ಮೇವು ನೀರು ಇಲ್ಲದೆ ಮನುಷ್ಯರಿಗಿಂತ ಮೊದಲು ಎತ್ತುಗಳು ಸತ್ತಿದ್ದವು. ಹೀಗಾಗಿ ಸ್ಟೇಷನ್ನಿನಲ್ಲಿ ಮೂಟೆ, ಹಳ್ಳಿಯಲ್ಲಿ ಹಸಿವು. 1891ರ ಎಣಿಕೆಯಲ್ಲೂ ಸಂಸ್ಥಾನದ ಜನ 49,43,604 ಮಾತ್ರ. ಇಪ್ಪತ್ತು ವರ್ಷ ಕಳೆದರೂ 1871ರ ಮಟ್ಟ ಮುಟ್ಟಿರಲಿಲ್ಲ. ನಮ್ಮ ಸೀಮೆಯ ಎಷ್ಟೋ ಬೇಚಿರಾಕ್ ಗ್ರಾಮಗಳು, ಅಂದರೆ ದಾಖಲೆಯಲ್ಲಿ ಹೆಸರು, ಸರ್ವೆ ನಂಬರು ಎಲ್ಲ ಇದ್ದೂ ಒಂದು ಒಲೆಯೂ ಉರಿಯದ ಊರುಗಳನ್ನು ಕಂಡಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಎಲ್ಲವೂ ಬರದಿಂದಲೇ ಹಾಳಾದವು ಎನ್ನಲಾಗದು. ಕೆರೆ ಒಡೆದು, ಬೇನೆ ಬಂದು, ಜಗಳವಾಗಿ ಬಿಟ್ಟವೂ ಇರುತ್ತವೆ.

ಬರದ ಅನುಭವದ ಮೇಲೆ ಸಂಸ್ಥಾನದಲ್ಲಿ ರೈಲು ಹಾಕುವ ಕೆಲಸ ಚುರುಕಾಯಿತು. ಇಲ್ಲಿ ನಮ್ಮ ತಾಲ್ಲೂಕಿನ ಹಣೆಬರಹ ನೋಡಿ. ತೆಂಕಲಲ್ಲಿ ಬೆಂಗಳೂರಿನಿಂದ ಹೊರಟ ರೈಲು ಚನ್ನಪಟ್ಟಣ, ಮದ್ದೂರು, ಮಂಡ್ಯ ಹಾದು 1882ರಲ್ಲಿ ಮೈಸೂರು ಸೇರಿತು. ಬಡಗಲಲ್ಲಿ ಇನ್ನೊಂದು ರೈಲು 1884ರಲ್ಲಿ ತುಮಕೂರಿಗೆ ಬಂದು, ಮುಂದೆ ಗುಬ್ಬಿ, ತಿಪಟೂರು, ಅರಸೀಕೆರೆ ಮೇಲೆ 1889ಕ್ಕೆ ಹರಿಹರ ಮುಟ್ಟಿತು. ಕುಣಿಗಲ್ ಎರಡರ ನಡುವೆ ಉಳಿಯಿತು. ತುಮಕೂರು ಸ್ಟೇಷನ್ನು ಗಾಡಿಯಲ್ಲಿ ಒಂದು ರಾತ್ರಿಯ ದಾರಿ. ರೈಲು ಕಂಡ ಗುಬ್ಬಿ, ತಿಪಟೂರು ಪೇಟೆಗಳು ಬೆಳೆದವು. ಅಡಿಕೆ, ಕೊಬ್ಬರಿ ವ್ಯಾಪಾರ ಅಲ್ಲಿ ಕುದುರಿತು. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ ತುಮಕೂರಿಗೆ ರೈಲು ಬಂದ ಆ 1884ರಲ್ಲೇ. ನಮ್ಮ ಕಡೆಯವರು ನಾಟಕ ನೋಡಬೇಕಾದರೂ ಬುತ್ತಿ ಕಟ್ಟಿಕೊಂಡು ಹೊರಡಬೇಕಿತ್ತು. ಕುಣಿಗಲ್ ಎಂದರೆ ದೊಡ್ಡ ಕೆರೆ, ಅದರ ಮೇಲಿನ ಜನಪದ ಹಾಡು ಎಂದು ನಾಡೆಲ್ಲ ಬಲ್ಲದು, ಆದರೆ ಆ ಕೆರೆಯ ಊರಿಗೆ ರೈಲಿನ ಕೂಗು ಕೇಳಿಸಲು 2017ರವರೆಗೆ ಕಾಯಬೇಕಾಯಿತು. 133 ವರ್ಷ!

ದಾರಿ ಒಳ್ಳೆಯದನ್ನಷ್ಟೇ ತರುತ್ತದೆ ಎಂದೂ ಇಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದು ಹುಬ್ಬಳ್ಳಿ ಕಡೆಯ ರೈಲಿನಲ್ಲಿ. ಆ ಕಾಲದಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳೇ ಮೈಸೂರಿನ ಎಲ್ಲ ಊರುಗಳ ಅನುಭವ. 1918ರ ಇನ್‌ಫ್ಲುಯೆಂಜಾ ಜ್ವರವೂ ಹಾಗೆಯೇ ದಾರಿ ಹಿಡಿದೇ ಬಂತು. 1911ರಿಂದ 1921ರವರೆಗೆ ಹತ್ತು ವರ್ಷದಲ್ಲಿ ಸಂಸ್ಥಾನದ ಜನಸಂಖ್ಯೆ 58 ಲಕ್ಷ ಇದ್ದದ್ದು 60 ಲಕ್ಷವನ್ನೂ ಮುಟ್ಟಲಿಲ್ಲ. ಆಮೇಲೆಯೇ ಅದು ನಿಲ್ಲದೆ ಏರತೊಡಗಿದ್ದು.

ಮೋಟಾರು ಬಸ್ಸಿನ ಕಾಲ ಬಂದಾಗ ಮೊದಲು ಓಡಿದ್ದು ಖಾಸಗಿಯವರ ಬಸ್ಸು, ಅದೂ ದೊಡ್ಡ ರಸ್ತೆಯಲ್ಲಿ ಮಾತ್ರ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ಇದ್ದಲು ಸುಟ್ಟು ಬಂದ ಅನಿಲದಿಂದ ಓಡುವ ಬಸ್ಸುಗಳಿದ್ದವು. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕಿತ್ತು ಎಂದು ನಮ್ಮ ತಂದೆ ನಗುತ್ತಾ ಹೇಳುತ್ತಿದ್ದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಅದೇ 1961ರ ಆಗಸ್ಟ್ 1ರಂದು ನಿಗಮವಾಯಿತು. ಬೆಂಗಳೂರು-ಹಾಸನ-ಮಂಗಳೂರು ಹೆದ್ದಾರಿ ಕುಣಿಗಲ್ ಮೇಲೆಯೇ ಹಾಯುವುದರಿಂದ ಕುಣಿಗಲ್ಲಿಗೆ ಬಸ್ಸಿನ ಬರ ಇರಲಿಲ್ಲ. ನಾವು 48 ಎಂದು ಕರೆದು ಅಭ್ಯಾಸವಾದ ಆ ಹೆದ್ದಾರಿಗೆ 2010ರಲ್ಲಿ 75 ಎಂದು ನಂಬರು ಬದಲಾಯಿತು. ನಂಬರು ಯಾವುದಾದರೇನು, ಬೆಂಗಳೂರು ಸುಮಾರು 70 ಕಿಲೋಮೀಟರು. ಕಷ್ಟ ಇದ್ದದ್ದು ಕುಣಿಗಲ್ಲಿನಿಂದ ಈಚೆ. ಹೆದ್ದಾರಿಯಿಂದ ಹಳ್ಳಿಗೆ ಇರುವ ಆ ನಾಲ್ಕಾರು ಮೈಲಿಯಲ್ಲೇ ನಮ್ಮವರ ಬಾಳು ಸವೆದದ್ದು. ಗಾಡಿ ಜಾಡು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು, ಹಳ್ಳ ಬಂದರೆ ಈಚೆಯವರು ಈಚೆ ಆಚೆಯವರು ಆಚೆ.

ಇನ್ನು ತಲೆಲೆಕ್ಕ ರಸ್ತೆಯನ್ನು ತಂದುಕೊಟ್ಟ ಬಗೆ. ಐದನೇ ಪಂಚವಾರ್ಷಿಕ ಯೋಜನೆಯಲ್ಲಿ, 1974ರಲ್ಲಿ, ಕನಿಷ್ಠ ಅಗತ್ಯಗಳ ಕಾರ್ಯಕ್ರಮ ಎಂದು ಬಂತು. 1500 ಜನ ಇರುವ ಹಳ್ಳಿಗೆಲ್ಲ ಸರ್ವಋತು ರಸ್ತೆ ಕೊಡಬೇಕೆಂಬುದು ಅದರ ಗುರಿ. ಆಮೇಲೆ ಆರನೇ ಯೋಜನೆಯಲ್ಲಿ 1000ದಿಂದ 1500 ಜನರ ಹಳ್ಳಿಗಳಲ್ಲಿ ಅರ್ಧದಷ್ಟನ್ನು ಸೇರಿಸಿದರು. 2000ನೇ ಇಸವಿ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂದಾಗ ಬಯಲುಸೀಮೆಯಲ್ಲಿ 500 ಜನ ಇರುವ ಜನವಸತಿ ಎಂದಾಯಿತು. 2009-10ರಲ್ಲಿ ರಾಜ್ಯ ಸರ್ಕಾರದ 'ನಮ್ಮ ಗ್ರಾಮ ನಮ್ಮ ರಸ್ತೆ' ಬಂತು. ಕೇಂದ್ರದ ಯೋಜನೆಗಳಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಎಷ್ಟು ಜನ ಇದ್ದೀರಿ?"

ನೋಡಲು ನ್ಯಾಯವಾದ ಪ್ರಶ್ನೆ. ಹೆಚ್ಚು ಜನಕ್ಕೆ ಮೊದಲು ಅನುಕೂಲವಾಗಲಿ ಎಂಬುದರಲ್ಲಿ ತಪ್ಪೇನಿದೆ? ಆದರೆ ನಮ್ಮ ಸೀಮೆಯಲ್ಲಿ ಒಂದು ಕಂದಾಯ ಗ್ರಾಮ ಎಂದರೆ ಒಂದೇ ಊರಲ್ಲ. ಮೂಲ ಊರು, ಅದರ ಸುತ್ತ ಮಜರೆ ಪಾಳ್ಯಗಳು, ಹಟ್ಟಿ, ಕಾಲೋನಿ, ತೋಟದ ಮನೆಗಳು. ಊರಿನ ಲೆಕ್ಕಕ್ಕೆ ಸೇರುವ ಪಾಳ್ಯದವರ ತಲೆಗಳು ಊರಿಗೆ ರಸ್ತೆ ತರಲು ನೆರವಾದವು, ರಸ್ತೆ ಬಂದು ನಿಂತದ್ದು ಮಾತ್ರ ಮೂಲ ಊರಿನ ಗುಡಿ ಮುಂದೆ. ಸಡಕ್ ಯೋಜನೆಯವರು ಗ್ರಾಮ ಬಿಟ್ಟು ಜನವಸತಿ ಲೆಕ್ಕ ಹಿಡಿದದ್ದು ಇದಕ್ಕೇ. ಅರ್ಧ ಕಿಲೋಮೀಟರು ಸುತ್ತಿನೊಳಗಿನ ಮನೆಗಳನ್ನು ಒಟ್ಟಿಗೆ ಎಣಿಸಲೂ ಅವಕಾಶ ಕೊಟ್ಟರು. ಆದರೂ 480 ತಲೆ ಇರುವ ಪಾಳ್ಯ 500ರ ಗೆರೆಯ ಹೊರಗೇ. ಆ ಇಪ್ಪತ್ತು ತಲೆ ಎಲ್ಲಿ ಹೋದವು ಎಂದು ಕೇಳಿದರೆ, ರಸ್ತೆ ಇಲ್ಲವೆಂದೇ ಊರು ಬಿಟ್ಟ ನಾಲ್ಕು ಮನೆಯವರು! ರಸ್ತೆ ಇಲ್ಲದ್ದಕ್ಕೆ ಜನ ಹೋದರು, ಜನ ಹೋದದ್ದಕ್ಕೆ ರಸ್ತೆ ಬರಲಿಲ್ಲ. ಎಣಿಸುವ ಕೆಲಸ ಮಾಡಿದವನು ನಾನು. ನನ್ನ ಪೆನ್ನಿನಲ್ಲಿ ಬರೆದ ಅಂಕಿ ಹೀಗೆಲ್ಲ ಕೆಲಸ ಮಾಡುತ್ತದೆ ಎಂಬುದು 1981ರಲ್ಲಿ ನನಗೆ ಹೊಳೆದಿರಲಿಲ್ಲ. ಆಗ ನಮಗೆ ಸಿಗುತ್ತಿದ್ದ ಗೌರವಧನದ ಮೇಲೇ ಗಮನ.

ರಸ್ತೆ ಬಂದಮೇಲೆ ಊರು ಬದಲಾದದ್ದನ್ನು ಸಂಘದವರಿಗೆ ನಾನು ಹೇಳಬೇಕಿಲ್ಲ. ಹಾಲಿನ ಕಥೆ ಪೂರ್ತಿ ರಸ್ತೆಯ ಕಥೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಶುರುವಾದಾಗ ಆಯ್ದುಕೊಂಡ ದಕ್ಷಿಣದ ಜಿಲ್ಲೆಗಳಲ್ಲಿ ತುಮಕೂರೂ ಒಂದು. 1977ರಲ್ಲಿ ಜಿಲ್ಲಾ ಹಾಲು ಒಕ್ಕೂಟವಾಯಿತು. ಮಲ್ಲಸಂದ್ರದಲ್ಲಿ ಡೇರಿ. ಹಾಲು ರಾಗಿಯಂತಲ್ಲ, ರಾಗಿಯನ್ನು ಹಗೇವಿನಲ್ಲಿಟ್ಟು ವರ್ಷಗಟ್ಟಲೆ ಕಾಯಬಹುದು. ಕರೆದ ಹಾಲು ಕೆಲವೇ ಗಂಟೆಯಲ್ಲಿ ತಣ್ಣಗಾಗದಿದ್ದರೆ ಒಡೆಯುತ್ತದೆ. ಅದಕ್ಕೇ ಹಾಲಿನ ವ್ಯಾನು ದಿನಕ್ಕೆ ಎರಡು ಸಲ, ಬೆಳಗ್ಗೆ ಸಂಜೆ, ಹಬ್ಬವಾಗಲಿ ಮುಷ್ಕರವಾಗಲಿ ಬರಲೇಬೇಕು. ಮೋರಿ ಕುಸಿದು ವ್ಯಾನು ನಿಂತ ದಿನ ಕ್ಯಾನುಗಳನ್ನು ಗಾಡಿಯ ಮೇಲೆ, ಸೈಕಲ್ಲಿನ ಮೇಲೆ, ಕೊನೆಗೆ ತಲೆಯ ಮೇಲೆ ಹೊತ್ತು ಮುಖ್ಯ ರಸ್ತೆಗೆ ಮುಟ್ಟಿಸಿದ್ದನ್ನು ಹಳೇ ಸದಸ್ಯರು ಮರೆತಿರಲಾರರು. ಬಸ್ಸಿಗೆ ಎಂದು ಯಾರೂ ಮಣ್ಣು ಹೊತ್ತು ರಸ್ತೆ ಸರಿಮಾಡಿದ್ದು ನಾನು ಕಾಣೆ, ಹಾಲಿನ ವ್ಯಾನಿಗಾಗಿ ಊರಿಗೆ ಊರೇ ಗುದ್ದಲಿ ಹಿಡಿದು ಬಂದದ್ದು ಕಂಡಿದ್ದೇನೆ. ಈಗ ಶೀತಲೀಕರಣ ತೊಟ್ಟಿಗಳು ಬಂದು ಆ ಆತುರ ಎಷ್ಟೋ ತಗ್ಗಿದೆ.

ಹೀಗೆ ರಸ್ತೆ ಊರನ್ನು ಉಳಿಸಿತು ಎನ್ನಬಹುದು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 2001ರಲ್ಲಿ ತುಮಕೂರು ಜಿಲ್ಲೆಯ ಜನ 25,84,711. 2011ರಲ್ಲಿ 26,78,980. ಹತ್ತು ವರ್ಷದಲ್ಲಿ ಹೆಚ್ಚಿದ್ದು 94,269, ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ಬೆಳೆದದ್ದು ನೂರಕ್ಕೆ ಸುಮಾರು 16. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು, ನೂರಕ್ಕೆ 47! ನಮ್ಮ ಜಿಲ್ಲೆಯ ಆ 94 ಸಾವಿರದಲ್ಲೂ ಅರ್ಧಕ್ಕಿಂತ ಹೆಚ್ಚು ತುಮಕೂರು ಪಟ್ಟಣ ಒಂದರಲ್ಲೇ ಸೇರಿದ್ದು. ಹಳ್ಳಿಗಳ ಪಾಲಿಗೆ ಉಳಿದದ್ದು ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಮನೆಗೆ ಎರಡೇ ಮಕ್ಕಳು ಎಂಬುದು ಒಂದು ಕಾರಣ, ಒಪ್ಪುತ್ತೇನೆ. ಅದಕ್ಕಿಂತ ದೊಡ್ಡ ಕಾರಣ ಬೆಳಗಿನ ಬಸ್ಸು ಹತ್ತಿ ಹೋದವರು ಸಂಜೆ ಹಿಂದಿರುಗದೇ ಇರುವುದು. ನೆಲಮಂಗಲ, ಪೀಣ್ಯ, ರಾಜಾಜಿನಗರ, ಲಗ್ಗೆರೆ ಕಡೆ ನಮ್ಮ ತಾಲ್ಲೂಕಿನವರು ಎಷ್ಟು ಮಂದಿ ಎಂದು ಹಬ್ಬದ ಹಿಂದಿನ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ತಿಳಿಯುತ್ತದೆ.

2011ರ ಫೆಬ್ರವರಿಯಲ್ಲಿ ಎಣಿಕೆಗೆ ಹೋದಾಗ ಒಂದು ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಳು. ಮನೆಯಲ್ಲಿ ಎಷ್ಟು ಜನ ಎಂದದ್ದಕ್ಕೆ "ಐದು ಜನ ಬರ್ಕಳಪ್ಪ" ಅಂದಳು. ಮಗ, ಸೊಸೆ, ಎರಡು ಮೊಮ್ಮಕ್ಕಳು ಬೆಂಗಳೂರಿನಲ್ಲಿ. ಎಣಿಕೆಯ ಅವಧಿಯಲ್ಲೆಲ್ಲ ಅಲ್ಲೇ ಇರುವವರನ್ನು ಅಲ್ಲೇ ಬರೆಯುತ್ತಾರಮ್ಮ, ಇಲ್ಲಿ ಬರೆಯೋಕೆ ಆಗಲ್ಲ ಎಂದು ಹೇಳಿದೆ. "ರೇಷನ್ ಕಾರ್ಡಲ್ಲಿ ಇಲ್ಲೇ ಐತೆ, ಓಟು ಇಲ್ಲೇ ಐತೆ, ನೀನೊಬ್ಬ ಬರ್ಕಳಕ್ಕೆ ಆಗಲ್ವಾ" ಎಂದು ಸಿಟ್ಟಾದಳು. ನಿಯಮದ ಪ್ರಕಾರ ಒಂದು ಎಂದು ಬರೆದೆ. ಅವಳ ಮಾತಿನಲ್ಲಿಯೂ ಹುರುಳಿತ್ತು. ಓಟಿನ ಪಟ್ಟಿಯಲ್ಲಿ ಒಂದು ಊರು, ಜನಗಣತಿಯಲ್ಲಿ ಇನ್ನೊಂದು ಊರು, ಜಾತ್ರೆಯ ದಿನ ಮೂರನೆಯ ಊರು. ರಸ್ತೆ, ಶಾಲೆ, ಆಸ್ಪತ್ರೆ ಸಿಗುವುದು ಮಾತ್ರ ಎರಡನೆಯ ಊರಿನ ಲೆಕ್ಕದ ಮೇಲೆ.

ಇಲ್ಲಿ ನನ್ನದೊಂದು ಅಭಿಪ್ರಾಯ ಹೇಳಬೇಕು. ಬೇರೆಯವರು ಒಪ್ಪದೇ ಇರಬಹುದು. ರಸ್ತೆ ಬೇರೆ, ಬಸ್ಸು ಬೇರೆ. ಬರೀ ರಸ್ತೆ ಜನರನ್ನು ಹೊರಕ್ಕೆ ಕರೆದುಕೊಂಡು ಹೋಗುತ್ತದೆ. ಜನರನ್ನು ಊರಿನಲ್ಲಿ ಉಳಿಸುವುದು ರಾತ್ರಿ ವಾಪಸು ತರುವ ಬಸ್ಸು. ನಮ್ಮಲ್ಲಿ ಅದಕ್ಕೆ ನೈಟ್ ಹಾಲ್ಟ್ ಬಸ್ಸು ಎನ್ನುತ್ತಾರೆ. ರಾತ್ರಿ ಎಂಟು ಒಂಬತ್ತಕ್ಕೆ ಕೊನೆಯ ಟ್ರಿಪ್ ಬಂದು ಊರಿನಲ್ಲೇ ತಂಗುತ್ತದೆ. ಡ್ರೈವರು ಕಂಡಕ್ಟರು ಗುಡಿಯ ಜಗಲಿಯಲ್ಲೋ ಬಸ್ಸಿನ ಸೀಟಿನ ಮೇಲೋ ಮಲಗುತ್ತಾರೆ, ಯಾರದೋ ಮನೆಯಿಂದ ಮುದ್ದೆ ಸಾರು ಹೋಗುತ್ತದೆ. ಬೆಳಗ್ಗೆ ಆರಕ್ಕೆ ಹಾರ್ನ್ ಹೊಡೆದರೆ ಇಡೀ ಊರಿಗೆ ಗಡಿಯಾರ. ಅಂಥ ಬಸ್ಸು ಇರುವ ಊರಿನ ಹುಡುಗ ಕುಣಿಗಲ್ಲಿನಲ್ಲೋ ತುಮಕೂರಿನಲ್ಲೋ ಕೆಲಸ ಮಾಡಿ ರಾತ್ರಿ ಮನೆಯಲ್ಲಿ ಉಣ್ಣುತ್ತಾನೆ, ಬೆಳಗ್ಗೆ ಎರಡು ಹಸು ಕರೆದು ಹೋಗುತ್ತಾನೆ. ಅವನ ತಲೆ ಊರಿನ ಲೆಕ್ಕಕ್ಕೇ. ಕೊನೆಯ ಬಸ್ಸು ಸಂಜೆ ಐದಕ್ಕೇ ಮುಗಿಯುವ ಊರಿನ ಹುಡುಗ ರೂಮು ಮಾಡುತ್ತಾನೆ. ಆಮೇಲೆ ಮದುವೆ, ಆಮೇಲೆ ಮಕ್ಕಳ ಶಾಲೆ, ಮುಗಿಯಿತು.

ಹೆಣ್ಣುಮಕ್ಕಳ ಮಾತಂತೂ ಇನ್ನೂ ನೇರ. ನನ್ನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಚುರುಕು ಹುಡುಗಿಯರು ಎಷ್ಟೋ ಜನ ಹೈಸ್ಕೂಲು ಕಾಣದೆ ನಿಂತರು. ಕೇಳಿದರೆ ಬಡತನ ಎನ್ನುತ್ತಿದ್ದರು. ಒಳಗಿನ ಕಾರಣ ಸಂಜೆ ಕತ್ತಲಾದ ಮೇಲೆ ನಡೆದು ಬರುವ ದಾರಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ಲು ಕೊಡಲು ಶುರುಮಾಡಿದಾಗ ಸಾಲಾಗಿ ಲಂಗ ದಾವಣಿ, ಚೂಡಿದಾರಿನ ಹುಡುಗಿಯರು ಬೆಲ್ಲು ಬಾರಿಸಿಕೊಂಡು ಹೋಗುವುದನ್ನು ನೋಡಲು ಹಬ್ಬದಂತಿತ್ತು. ಕೋವಿಡ್ ಕಾಲದ ಹೊತ್ತಿಗೆ ಆ ಯೋಜನೆ ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟು ಹಣ ಇಲ್ಲವೆಂದಾಯಿತು. ಕೂಲಿಗೆ, ಆಸ್ಪತ್ರೆಗೆ, ತವರಿಗೆ ಹೋಗುವ ಹೆಂಗಸರಿಗೆ ಅದೊಂದು ದೊಡ್ಡ ನೆರವು. ಆದರೆ ಖಾಸಗಿ ಬಸ್ಸು, ಆಟೋ ಮಾತ್ರ ಬರುವ ಪಾಳ್ಯದವಳಿಗೆ ಅದರಿಂದ ಏನು? ಅವಳು ಸರ್ಕಾರಿ ಬಸ್ಸು ನಿಲ್ಲುವಲ್ಲಿಗೆ ನಡೆದೇ ಬರಬೇಕು.

ಒಮ್ಮೆ ನಾವು ಹತ್ತು ಹದಿನೈದು ಜನ ಸೇರಿ ರಾತ್ರಿ ಬಸ್ಸಿಗಾಗಿ ಅರ್ಜಿ ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋಗಿದ್ದೆವು. ಅಲ್ಲಿದ್ದ ಅಧಿಕಾರಿಗಳು ಮರ್ಯಾದೆಯಿಂದಲೇ ಕೂರಿಸಿ ಒಂದು ಕಾಗದ ತೋರಿಸಿದರು. ಕಿಲೋಮೀಟರಿಗೆ ಇಷ್ಟು ಆದಾಯ ಬರಬೇಕು, ನಿಮ್ಮ ರೂಟಿನಲ್ಲಿ ಅಷ್ಟು ಜನ ಹತ್ತುವುದಿಲ್ಲ ಎಂದು ಅದರ ಸಾರಾಂಶ. ಬಸ್ಸು ಬಂದರೆ ತಾನೇ ಸ್ವಾಮಿ ಜನ ಹತ್ತೋದು ಎಂದು ನಮ್ಮವರೊಬ್ಬರು ಕೇಳಿದರು. ಜನ ಇದ್ದರೆ ತಾನೇ ಬಸ್ಸು ಬಿಡೋದು ಎಂದು ಅವರು ನಕ್ಕರು. ಇಬ್ಬರದ್ದೂ ಸರಿಯೇ. ವಾಪಸು ಬರುವಾಗ ಕೊನೆಯ ಬಸ್ಸು ತಪ್ಪಿ ಲಗೇಜ್ ಆಟೋದಲ್ಲಿ ನಿಂತುಕೊಂಡು ಬಂದೆವು ಎಂಬುದನ್ನೂ ಬರೆದಿಡುತ್ತೇನೆ.

ರೈಲಿನ ಮಾತು ಬಾಕಿ ಇದೆ. 1996-97ರಲ್ಲಿ ಮಂಜೂರಾದ ಬೆಂಗಳೂರು-ಹಾಸನ ಹೊಸ ರೈಲು ದಾರಿ ಪೂರ್ತಿಯಾಗಲು ಇಪ್ಪತ್ತು ವರ್ಷ ಹಿಡಿಯಿತು. 2017ರ ಮಾರ್ಚ್‌ನಲ್ಲಿ ನೆಲಮಂಗಲ, ಕುಣಿಗಲ್, ಯಡಿಯೂರು, ಶ್ರವಣಬೆಳಗೊಳದ ಮೇಲೆ ಗಾಡಿ ಓಡಿತು. ಮೊದಲ ವಾರದಲ್ಲಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬರೀ ನೋಡಲೆಂದೇ ಸ್ಟೇಷನ್ನಿಗೆ ಹೋದವರಲ್ಲಿ ನಾನೂ ಒಬ್ಬ. ಆದರೆ ಹಳ್ಳಿಯವನಿಗೆ ಸ್ಟೇಷನ್ನಿಗೆ ಹೋಗಲು ಮತ್ತೆ ಅದೇ ಬಸ್ಸು ಬೇಕು. ಅದಕ್ಕೇ ಈಚೆಗೆ ಎಲ್ಲರ ಮನೆ ಮುಂದೆಯೂ ಒಂದು ಬೈಕು ನಿಂತಿದೆ. ಇದರಿಂದ ಬಸ್ಸಿನ ಆದಾಯ ಇನ್ನಷ್ಟು ತಗ್ಗಿತು. ಬೈಕು ಓಡಿಸಲಾರದ ಮುದುಕರು, ಮಕ್ಕಳು, ಹೆಂಗಸರು ಬಸ್ ಸ್ಟಾಪಿನಲ್ಲಿ ಉಳಿದರು.

2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ನಿಂತುಹೋಯಿತು. 2024ರಲ್ಲಿ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ ಒಪ್ಪಿಗೆ ಸಿಕ್ಕಾಗಲೂ ಯಾವ ಜನವಸತಿಗೆ ರಸ್ತೆ ಎಂಬುದಕ್ಕೆ ಹಿಡಿದದ್ದು 2011ರ ಅಂಕಿಗಳನ್ನೇ, ಅಂದರೆ ನಮ್ಮಂಥ ಮೇಷ್ಟ್ರುಗಳು ಬರೆದ ಹಳೇ ಲೆಕ್ಕವನ್ನೇ. ಮುಂದಿನ ಎಣಿಕೆಗೆ 2027ರ ಮಾರ್ಚ್ 1ರ ದಿನಾಂಕವನ್ನು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಗೊತ್ತುಮಾಡಿತು. ಈ ಸಲ ಮೊಬೈಲಿನಲ್ಲಿ ಎಣಿಕೆ ಎನ್ನುತ್ತಾರೆ. ದಿನಾ ಹೋಗಿ ದಿನಾ ಬರುವವರು ಊರಿನವರೇ. ಎಣಿಕೆಯವರು ಬಂದ ಹೊತ್ತಿಗೆ ಮನೆಯಲ್ಲಿ ಇಲ್ಲವೆಂದು ಅವರ ಹೆಸರು ಬಿಟ್ಟುಹೋಗದಂತೆ ಮನೆಯ ಹಿರಿಯರು ನೋಡಿಕೊಳ್ಳಬೇಕು. ಪಾಳ್ಯ, ಹಟ್ಟಿ, ತೋಟದ ಮನೆಗಳವರು ತಮ್ಮ ಮನೆಗೆ ಎಣಿಕೆಯವರು ಬಂದರೇ ಎಂದು ವಿಚಾರಿಸಿಕೊಳ್ಳಬೇಕು. ನಾನು ಎಣಿಸುವಾಗಲೂ ತೋಟದ ಮನೆಗಳೇ ಕೈತಪ್ಪುತ್ತಿದ್ದದ್ದು.

ಇನ್ನೊಂದು ವಿಷಯ. ಸರ್ಕಾರದ ಪುಸ್ತಕದಲ್ಲಿ ನಮ್ಮೂರಿಗೆ ಒಂದು ಸಾಲು ಎಂದೆನಲ್ಲ, ಅದಕ್ಕಿಂತ ವಿವರವಾದ ಲೆಕ್ಕ ನಮ್ಮ ಸಂಘದ ಬೀರುವಿನಲ್ಲೇ ಇದೆ. ಹಾಲು ಹಾಕಿದವರ ಹಳೆಯ ರಿಜಿಸ್ಟರುಗಳನ್ನು ಕಾರ್ಯದರ್ಶಿಗಳು ನನಗೆ ಎರಡು ದಿನ ತೋರಿಸಿದರು. ಮೊದಲ ವರ್ಷಗಳಲ್ಲಿ ಗಂಡಸರ ಹೆಸರುಗಳೇ ಹೆಚ್ಚು; ಬರುಬರುತ್ತಾ ಅದೇ ಮನೆ, ಹೆಂಗಸಿನ ಹೆಸರು. ಕೆಲವು ನಂಬರುಗಳ ಮುಂದೆ ಹಾಲು ನಿಂತು ಖಾಲಿ ಗೆರೆ. ಯಾವ ಮನೆಯವರು ಯಾವ ವರ್ಷ ಹೊರಟರು ಎಂಬುದು ಆ ಗೆರೆಯಿಂದ ಗೊತ್ತಾಗುತ್ತದೆ. ನಡುವೆ ಐದಾರು ವರ್ಷದ ರಿಜಿಸ್ಟರುಗಳು ಗೆದ್ದಲು ಹಿಡಿದು ಹೋಗಿವೆ. ಸದಸ್ಯರ ಮನೆಗಳಲ್ಲಿ ಆ ಕಾಲದ ಹಾಲಿನ ಪಾಸ್‌ಪುಸ್ತಕ, ಹಳೆಯ ಬಸ್ ಟಿಕೇಟು, ರಸ್ತೆ ಕಾಮಗಾರಿಯ ಫೋಟೋ, ಅರ್ಜಿಯ ನಕಲು ಏನಿದ್ದರೂ ಸಂಘದ ಕಚೇರಿಗೆ ತಂದುಕೊಡಿ. ಜೆರಾಕ್ಸ್ ಮಾಡಿಕೊಂಡು ವಾಪಸು ಕೊಡುವ ಜವಾಬ್ದಾರಿ ನನ್ನದು. ಬೆಳಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ನಾನು ಅಲ್ಲೇ ಇರುತ್ತೇನೆ.